ಡೀಲರ್ ಮೀಟಿಂಗಿಗೆ ಬಂದ ಮೂರು ಊರಿನ ನೀರು

ಊಟವಾದ ಮೇಲೆ ನಿದ್ದೆ ಮಾಡದ ಡೀಲರನ್ನು ನಮ್ಮ ಕಂಪನಿ ಕಂಡೇ ಇರಲಿಲ್ಲ. ವರ್ಷಕ್ಕೊಮ್ಮೆ ಅವರನ್ನೆಲ್ಲ ಕರೆಸಿ ಮೀಟಿಂಗ್ ಮಾಡುತ್ತಿದ್ದರು. ಬೆಳಿಗ್ಗೆ ಭಾಷಣ, ಮಧ್ಯಾಹ್ನ ಪೂರಿ, ಶ್ರೀಖಂಡ, ಆಮೇಲೆ ಪರದೆಯ ಮೇಲೆ ಮಾರಾಟದ ವಿವರ, ಕೆಳಗೆ ಗೊರಕೆ. ಎರಡು ಸಾವಿರದ ಇಸವಿ ದಾಟಿದ ಹೊಸತು. ದಾವಣಗೆರೆಯಿಂದ ಅಹಮದಾಬಾದಿಗೆ ಬಂದ ನಾನು, ಊರಂಚಿನ ವಟ್ವಾದಲ್ಲಿ ಬಟ್ಟೆಯ ಬಣ್ಣ ತಯಾರಿಸುವ ಆ ಕಂಪನಿಯ ನವರಂಗಪುರದ ಆಫೀಸಿನಲ್ಲಿದ್ದೆ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ.

"ಈ ಸಲದ ಮೀಟಿಂಗ್ ನಿಮ್ಮ ಜವಾಬ್ದಾರಿ, ಬೆನ್," ಎಂದರು ಮ್ಯಾನೇಜರ್ ಸಾಹೇಬರು. ಅಲ್ಲಿ ಹೆಂಗಸರನ್ನೆಲ್ಲ ಅಕ್ಕ ಎಂದಂತೆ ಬೆನ್ ಎಂದೇ ಕರೆಯುತ್ತಾರೆ. "ಡೀಲರುಗಳು ಎಚ್ಚರವಾಗಿದ್ದರೆ ನಿಮ್ಮ ಕೆಲಸ ಕಾಯಂ. ಮಲಗಿದರೆ ಯೋಚನೆ ಮಾಡಬೇಕಾಗುತ್ತೆ."

ನಗುತ್ತಲೇ ಹೇಳಿದರು, ಆದರೆ ಅವರು ತಮಾಷೆ ಮಾಡುವ ಪೈಕಿ ಅಲ್ಲ. ನನಗೆ ಹೆದರಿಕೆಯಾಗಬೇಕಿತ್ತು. ಆದದ್ದು ಹುಮ್ಮಸ್ಸು. ಬಸ್ಸಿನಲ್ಲಿ, ಸ್ನಾನದಲ್ಲಿ, ಒಗ್ಗರಣೆಯ ಮುಂದೆ ನಿಂತಾಗಲೂ ಅದೇ ಯೋಚನೆ: ಊಟದ ಮೇಲೆ ಇವರಿಗೆ ಯಾವ ಆಟ ಆಡಿಸಲಿ? ಅಂತ್ಯಾಕ್ಷರಿ ಎಲ್ಲ ಕಂಪನಿಯವರೂ ಮಾಡಿ ಸವೆಸಿದ್ದರು. ಸೂರತ್ತಿನ ಹಿರಿಯ ಡೀಲರರ ಹೊಟ್ಟೆಯನ್ನು ನೆನೆದು ಸಂಗೀತ ಕುರ್ಚಿಯನ್ನು ಕೈಬಿಟ್ಟೆ. ಕೊನೆಗೆ ಹೊಳೆಯಿತು. ಜೀವನವಿಡೀ ಬಣ್ಣ ಮಾರುವ ಈ ಜನ ಎಂದಾದರೂ ಬಣ್ಣದಲ್ಲಿ ಕೈ ಅದ್ದಿದ್ದಾರೆಯೇ?

ಅದಕ್ಕೊಂದು ಸ್ವಾರಸ್ಯವೂ ಸಿಕ್ಕಿತು. ನಮ್ಮ ನೀಲಿ ಒಂದು ಸಲ ಬಂದಂತೆ ಇನ್ನೊಂದು ಸಲ ಬರುವುದಿಲ್ಲ ಎಂದು ಸೂರತ್ತಿನ ಡೀಲರು ಆಗಾಗ ಫೋನ್ ಮಾಡುತ್ತಿದ್ದರು. "ಅದು ನಿಮ್ಮೂರಿನ ನೀರಿನ ದೋಷ," ಎಂದು ಆಫೀಸಿನ ಉತ್ತರ. ನಾನೂ ಹಾಗೇ ಹೇಳಿದ್ದೆ. ಸರಿ, ಅಹಮದಾಬಾದ್, ವಡೋದರಾ, ಸೂರತ್ತಿನವರು ತಮ್ಮ ತಮ್ಮ ಊರಿನ ನೀರು ತರಲಿ, ನಾವು ಒಂದೇ ಡ್ರಮ್ಮಿನ ನೀಲಿ ಕೊಡೋಣ, ಬಿಳಿ ಕರವಸ್ತ್ರ ಅದ್ದಲಿ. ಮೂರು ಬೇರೆ ಬೇರೆ ನೀಲಿ ಬರುತ್ತವೆ, ಯಾವುದು ಚೆಂದವೋ ಅದಕ್ಕೆ ಬಹುಮಾನ.

ನನ್ನ ಜೊತೆ ಫ್ಲಾಟಿನಲ್ಲಿದ್ದ ಧಾರವಾಡದ ಹುಡುಗಿ ಕೇಳಿ ಹಣೆ ಬಡಿದುಕೊಂಡಳು. "ಅಷ್ಟು ದೊಡ್ಡ ಮಂದೀನ ಕರದು ಅರಿವಿ ಹಿಂಡಸ್ತೀಯಲ್ಲ, ಬೈಸ್ಕೋತಿ ನೋಡು."

"ಬೈದ್ರೂ ಬೈಲಿ ಬಿಡೇ, ಕಣ್ಣಂತೂ ಬಿಟ್ಕಂಡಿರ್ತಾರೆ," ಎಂದೆ.

ಆ ದಿನ ಎಲ್ಲರೂ ವಟ್ವಾದ ಫ್ಯಾಕ್ಟರಿಗೇ ಬಂದರು. ಸೂರತ್ತಿನ ಡೀಲರು ನೀರಿನ ಕ್ಯಾನನ್ನು ಗಂಗಾಜಲದಂತೆ ತೊಡೆಯ ಮೇಲಿಟ್ಟುಕೊಂಡು ರೈಲಿನಲ್ಲಿ ತಂದಿದ್ದರು. ಊಟ ಮುಗಿದದ್ದೇ ಷೆಡ್ಡಿನಲ್ಲಿ ಗಲಾಟೆ ಎದ್ದಿತು. ಟೈಗಳು ಹೆಗಲ ಹಿಂದಕ್ಕೆ ಹೋದವು, ಅಂಗಿಯ ತೋಳು ಮೇಲೇರಿದವು. ಬಣ್ಣ ಹಿಡಿಯಲೆಂದು ಒಬ್ಬರು ಉಪ್ಪು ಸುರಿದರೆ ಇನ್ನೊಬ್ಬರು ಕೋಲಿನಿಂದ ಕಲಕಿದರು. ವಡೋದರಾದವರು ಪಾತ್ರೆಯ ಮೇಲೆ ತಟ್ಟೆ ಮುಚ್ಚಿ, ಕದ್ದು ನೋಡಬೇಡಿ ಎಂದು ಪಕ್ಕದವರನ್ನು ಗದರಿಸಿದರು. ನಾನು ಡ್ರಮ್ಮಿನ ನೀಲಿ ಪುಡಿಯನ್ನು ಕೈಯಾರೆ ಹಂಚುತ್ತ ಷೆಡ್ಡಿನ ತುಂಬ ಓಡಾಡಿದೆ. ನನಗಂತೂ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ, ಅಷ್ಟು ಖುಷಿ.

ಕರವಸ್ತ್ರಗಳನ್ನು ತೊಳೆದು ಹಗ್ಗಕ್ಕೆ ಹಾಕಿದರು. ಬಿಸಿಲು ಚುರುಕಾಗಿತ್ತು. ಒಣಗಿದ ಮೇಲೆ ನಾನು ಈ ತುದಿಯಿಂದ ಆ ತುದಿಗೆ ನೋಡಿದೆ, ಆ ತುದಿಯಿಂದ ಈ ತುದಿಗೆ ನೋಡಿದೆ. ಎಲ್ಲ ಒಂದೇ ನೀಲಿ. ಮೇಲೆ ಗೋಡೆಯಲ್ಲಿ ನಾನೇ ಬರೆಸಿ ಹಾಕಿದ್ದ ಬ್ಯಾನರ್: 'ಮೂರು ಊರು, ಮೂರು ನೀಲಿ'.

ಸೂರತ್ತಿನ ಡೀಲರು ತಮ್ಮ ಕರವಸ್ತ್ರ ಬಿಡಿಸಿಕೊಂಡು ಹೋಗಿ ಅಹಮದಾಬಾದಿನವರ ಕರವಸ್ತ್ರದ ಪಕ್ಕ ಹಿಡಿದರು. ಆಮೇಲೆ ಮ್ಯಾನೇಜರ್ ಕಡೆ ತಿರುಗಿ ಮೆಲ್ಲಗೆ ಕೇಳಿದರು. "ಸಾಹೇಬ್, ನಮ್ಮ ನೀರಿಗೆ ಏನಾಗಿದೆ?"

ಕಂಪನಿಯವರೇ ನಂಬದ ನೆಪವನ್ನು ನಾನು ಪೂರ್ತಿ ನಂಬಿ, ದೊಡ್ಡ ಅಕ್ಷರದಲ್ಲಿ ಗೋಡೆಗೆ ತೂಗುಹಾಕಿದ್ದೆ. ಡೀಲರುಗಳೆಲ್ಲ ಸುತ್ತ ನೆರೆದರು. ಒಬ್ಬರಿಗೂ ನಿದ್ದೆಯ ಗುರುತಿಲ್ಲ. ಕೆಲಸವಂತೂ ಹೋಯಿತು, ಊರಿಗೆ ಟಿಕೆಟ್ ಮಾಡಿಸುವುದೊಂದೇ ಬಾಕಿ ಅಂದುಕೊಂಡೆ.

ಸಾಹೇಬರು ಎರಡೂ ಕರವಸ್ತ್ರಗಳನ್ನು ಬೆರಳಲ್ಲಿ ಉಜ್ಜಿ ನೋಡಿದರು. ಇಷ್ಟು ಜನರ ಮುಂದೆ ಇನ್ನೇನು ಹೇಳಲಾದೀತು? "ನೀರು ಸರಿಯಾಗಿದೆ. ನಮ್ಮ ಡ್ರಮ್ಮಿನಿಂದ ಡ್ರಮ್ಮಿಗೆ ವ್ಯತ್ಯಾಸ ಬರ್ತಿದೆ. ಕೆಟ್ಟದ್ದನ್ನು ವಾಪಸ್ ಕಳಿಸಿ, ಬದಲಿಸಿ ಕೊಡ್ತೀವಿ," ಎಂದರು. ಸೂರತ್ತಿನವರು ಕರವಸ್ತ್ರ ಮಡಚಿ ಜೇಬಿಗಿಟ್ಟು, ಚಹಾ ಎಲ್ಲಿ ಎಂದು ಕೇಳಿದರು. ಗದ್ದಲ ಮತ್ತೆ ಶುರುವಾಯಿತು.

ಸಾಹೇಬರು ನೇರ ನನ್ನ ಹತ್ತಿರ ಬಂದರು. ನಾನು ತಲೆ ತಗ್ಗಿಸಿದೆ.

"ಬೆನ್, ಮುಂದಿನ ವರ್ಷದ ಆಟ ಮೊದಲು ನನಗೊಬ್ಬನಿಗೆ ಆಡಿಸಿ ತೋರಿಸಿ."

ಅಷ್ಟೇ ಹೇಳಿ ಚಹಾದ ಕಡೆ ನಡೆದರು. ಮುಂದಿನ ವರ್ಷ ಎಂದಿದ್ದರು. ಅದು ತಲೆಗೆ ಹೋಗುತ್ತಲೇ ನಗು ತಡೆಯಲಾರದೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಕೈಗೆ ಬಣ್ಣ ಹತ್ತಿದ್ದು ನೆನಪಾಗುವ ಹೊತ್ತಿಗೆ ಕೆನ್ನೆಯೆಲ್ಲ ನೀಲಿಯಾಗಿತ್ತು.