ಗುಲಾಬಿಯ ಕಂಬ

ನಂತೂರಿನಾಚೆಯ ಗೇರುಬೀಜದ ಕಾರ್ಖಾನೆಯಲ್ಲಿ ಗುಮಾಸ್ತ ವಿಲ್ಲಿ ಸೆರಾವೊ ಎಂದರೆ ಲೆಕ್ಕದ ಹುಲಿ. ತಾನು ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದ್ದನ್ನು ಅವನಿಂದ ಕೇಳದ ಪುಣ್ಯವಂತರು ಕದ್ರಿಯಿಂದ ಬಜಪೆಯವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ಹಾಗಾಗಿ ೧೯೮೭ರಲ್ಲಿ ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ, ಅದಕ್ಕೆ ಯಾವ ಸಾಫ್ಟ್‌ವೇರ್ ಹಾಕಿಸಬೇಕೆಂದು ಹೇಳುವ ಹೊಣೆ ಅವನ ತಲೆಗೇ ಬಂತು.

ಎರಡು ಕಂಪೆನಿಯವರು ಬಂದು ತೋರಿಸಿದರು. ಒಂದು ಸಾಫ್ಟ್‌ವೇರ್ ಅಂಕಿ ಕೊಟ್ಟ ಕೂಡಲೇ ಪರದೆಯ ಮೇಲೆ ಬಣ್ಣಬಣ್ಣದ ಕಂಬಗಳನ್ನು ಎಬ್ಬಿಸಿ ನಿಲ್ಲಿಸುತ್ತಿತ್ತು. ಇನ್ನೊಂದಕ್ಕೆ ಚಂದದ ಗೊಡವೆಯಿಲ್ಲ, ಬರೀ ಲೆಕ್ಕಾಚಾರ. ಮೇಲಾಗಿ ಅದು ಪ್ರಶ್ನೆ ಕೇಳುವ ಜಾತಿಯದು. ಯಾರ ಕೈಯಲ್ಲಿ ಎಷ್ಟು ಬೀಜ ತುಂಡಾಯಿತು ಎಂದರೆ ಸಾಲದು, ಯಾರಿಗೆ ಎಂಥ ಬೀಜ ಕೊಟ್ಟಿರಿ ಎಂದೂ ಹೇಳಬೇಕು. ಅದು ಕೊಟ್ಟ ಉತ್ತರದಲ್ಲಿ ಅರ್ಧಕ್ಕರ್ಧ ವಿಲ್ಲಿಗೆ ಅರ್ಥವಾಗಲಿಲ್ಲ. ಕೇಳೋಣವೆಂದರೆ ನಾಚಿಕೆ. ಓದಿದವನು ಕೇಳುವುದುಂಟೇ?

"ಎಂತ ವಿಲ್ಲಿ, ಯಾವುದಾಗಬಹುದು?" ಎಂದರು ಧಣಿ ನಿತ್ಯಾನಂದ ಶೆಟ್ಟರು, ಕಂಬಗಳ ಮೇಲಿಂದ ಕಣ್ಣು ಕೀಳದೆ.

"ಈ ಕಂಬದ್ದೇ ಸಾಕು ಶೆಟ್ರೇ. ನೋಡಿದ ಕೂಡ್ಲೆ ಗೊತ್ತಾಗ್ತದೆ."

ಮೊದಲ ತಿಂಗಳು ಬೀಜ ಒಡೆಯುವ ಹೆಂಗಸರ ಕಂಬಗಳು ಎದ್ದವು. ಇಡಿಯಾಗಿ ತೆಗೆಯಬೇಕಾದ ತಿರುಳನ್ನು ಹೆಚ್ಚು ತುಂಡು ಮಾಡಿ ಕೆಡಿಸಿದವರ ಕಂಬ ಎತ್ತರ. ಎಲ್ಲರನ್ನೂ ಮೀರಿ ನಿಂತದ್ದು ಗುಲಾಬಿಯದು. ಗೋಣಿಯ ತಳದ ಸುಕ್ಕುಬೀಜವನ್ನೆಲ್ಲ ಗುಲಾಬಿಗೇ ಕೊಡುವುದು ಅಲ್ಲಿನ ವಾಡಿಕೆ. ಬೇರೆಯವರ ಕೈಗೆ ಹೋದರೆ ಅದು ಪುಡಿಪುಡಿ. ಶೆಟ್ಟರಿಗೆ ತಿಳಿಯದ ಈ ಸಂಗತಿ ವಿಲ್ಲಿಗೆ ಚೆನ್ನಾಗಿ ತಿಳಿದಿತ್ತು. ಆದರೆ ಬಾಯಿಬಿಟ್ಟರೆ, ಮತ್ತೆ ಈ ಕಂಬದ ಸಾಫ್ಟ್‌ವೇರನ್ನು ಯಾಕೆ ಹಾಕಿಸಿದೆ ಎಂದು ಅವರು ಕೇಳದೆ ಬಿಡುವವರಲ್ಲ. ಮಾತನ್ನು ನುಂಗಿಕೊಂಡ. ಇಂಥವನಿಗೆ ಹುಲಿಯೆಂಬ ಹೆಸರು ಬೇರೆ!

ಶೆಟ್ಟರು ಆ ಚಿತ್ರವನ್ನು ಕಾಗದದಲ್ಲಿ ತೆಗೆಸಿ ಗೇಟಿನ ಪಕ್ಕದ ಗೋಡೆಗೆ ಅಂಟಿಸಿದರು. ಓದಲು ಬಾರದ ಗುಲಾಬಿ ಅದರೆದುರು ನಿಂತಳು.

"ವಿಲ್ಲಿ ಪೊರ್ಬುಗಳೇ, ಇದ್ರಲ್ಲಿ ನನ್ನದು ಯಾವುದು?"

ಕ್ರಿಸ್ತಾನನಾದ್ದರಿಂದ ಹೆಂಗಸರೆಲ್ಲ ಗೌರವದಿಂದ ಪೊರ್ಬು ಎಂದು ಕರೆಯುತ್ತಿದ್ದ ಅವನು ಬೆರಳಿಟ್ಟು ತೋರಿಸಿದ.

"ದೇವರೇ, ಎಲ್ಲರಿಗಿಂತ ಎತ್ತರ ಉಂಟಲ್ಲ! ಒಳ್ಳೆದಲ್ವಾ?"

ವಿಲ್ಲಿ ಹೌದೆಂಬಂತೆ ತಲೆಯಾಡಿಸಿದ. ಅವಳು ಗೆಳತಿ ಜಲಜಾಕ್ಷಿಯ ಕೈಹಿಡಿದು ಎಳೆದುತಂದು ತನ್ನ ಕಂಬವನ್ನು ತೋರಿಸಿದಳು. ಓದಲು ಬರುತ್ತಿದ್ದ ಜಲಜಾಕ್ಷಿ ಅದನ್ನೂ ನೋಡಿದಳು, ವಿಲ್ಲಿಯ ಮುಖವನ್ನೂ ನೋಡಿದಳು.

ಸೋಮವಾರ ಶೆಟ್ಟರು ಗುಲಾಬಿಯನ್ನು ಬೀಜದ ಕೆಲಸದಿಂದ ಎಬ್ಬಿಸಿ ಸಿಪ್ಪೆ ಹೊರಲು ಹಾಕಿದರು. ಬೀಜ ಒಡೆಯುವ ಕೆಲಸದಲ್ಲೇ ಕೂದಲು ನೆರೆತವಳು. ಸಂಜೆ ಖಾಲಿ ಬುಟ್ಟಿ ಹಿಡಿದು ವಿಲ್ಲಿಯ ಮೇಜಿನ ಹತ್ತಿರ ಬಂದಳು. ಬೈಯುತ್ತಾಳೆಂದು ಅವನು ತಲೆತಗ್ಗಿಸಿದ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಾನು ಮಂಗನ ಹಾಗೆ ಕುಣಿದೆ ಪೊರ್ಬುಗಳೇ. ನನಗೆ ಬೇಜಾರಾಗ್ತದೆ ಅಂತ ನೀವು ಹೇಳ್ಲಿಲ್ಲ, ಅಲ್ವಾ?"

ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು ವಿಲ್ಲಿಗೆ. ಆಗಲೂ ಅವನು ಹೌದೆಂದು ತಲೆಯಾಡಿಸಿದ.