ಚೇಳಿನ ಬೆನ್ನ ಮೇಲಿನ ಮರಿಗಳು

ಆ ಪುಸ್ತಕ ನಮ್ಮ ಶಾಲೆಗೆ ಬಂದದ್ದು ಗ್ರಂಥಾಲಯದ ಪೆಟ್ಟಿಗೆಯಲ್ಲಿ. ಬೀಳಗಿಯಿಂದ ಬಸ್ಸು ಹತ್ತಿ ಹೋಗಬೇಕಾದ, ಹಿನ್ನೀರಿಗೆ ಹತ್ತಿರದ ಹಳ್ಳಿಯ ಶಾಲೆ ಅದು. ನಾನು ಅಲ್ಲಿ ಕನ್ನಡವನ್ನೂ ಪರಿಸರ ಪಾಠವನ್ನೂ ಕಲಿಸುತ್ತೇನೆ. ಪೆಟ್ಟಿಗೆ ಬಿಚ್ಚಿದಾಗ ಎಲ್ಲಕ್ಕಿಂತ ಮೇಲೆ ಅದೇ ಕೂತಿತ್ತು. ಹೊದಿಕೆಯ ತುಂಬ ಒಂದು ಜೇಡದ ಮುಖ, ನಡುವೆ ಎರಡು ದೊಡ್ಡ ಕಣ್ಣು, ಸುತ್ತ ಸಣ್ಣ ಸಣ್ಣವು. ನೋಡಿದರೆ ಮೈ ಜುಮ್ಮೆನ್ನಿಸುವ ಪ್ರಾಣಿಗಳ ಬಗ್ಗೆ ಮಕ್ಕಳಿಗಾಗಿ ಬರೆದದ್ದು. ನಾನು ಅದನ್ನು ಮಗುಚಿಟ್ಟೆ. ಹಿಂದಿನ ಹೊದಿಕೆಯ ಮೇಲೆ ಹಲ್ಲಿ ಇತ್ತು. ಅದರ ಮೇಲೆ ಇನ್ನೊಂದು ಪುಸ್ತಕ ಇಟ್ಟೆ.

ನಾನು ಬನಹಟ್ಟಿಯ ನೇಕಾರರ ಮನೆಯಲ್ಲಿ ಬೆಳೆದವಳು. ನನ್ನ ಚಿಕ್ಕಂದಿನಲ್ಲಿ ನಮ್ಮದಿನ್ನೂ ಕುಣಿಮಗ್ಗ. ಕುಣಿಯೊಳಗೆ ಕಾಲು ಇಳಿಬಿಡುವ ಮುಂಚೆ ಅಪ್ಪ ಕೋಲು ಆಡಿಸಿ, ಒಳಗೆ ಏನಾದರೂ ಸೇರಿಕೊಂಡಿದೆಯೇ ಎಂದು ನೋಡುತ್ತಿದ್ದರು. ಹಲ್ಲಿ ಮೈಮೇಲೆ ಬಿದ್ದರೆ ಅವ್ವ ಎಡಭುಜವೋ ಬಲಭುಜವೋ ಎಂದು ಕೇಳಿ ಪಂಚಾಂಗ ತೆಗೆಸುತ್ತಿದ್ದಳು. ಇಂಥ ಜೀವಿಗಳ ಬಗ್ಗೆ ನಮಗೆ ತಿಳಿದಿದ್ದದ್ದು ಅಷ್ಟೇ: ಯಾವುದನ್ನು ಕಂಡಲ್ಲೇ ಹೊಡೆಯಬೇಕು, ಯಾವುದು ಬಿದ್ದರೆ ತಲೆಗೆ ನೀರು ಹಾಕಿಕೊಳ್ಳಬೇಕು. ಅವು ಏನು ತಿನ್ನುತ್ತವೆ, ಮರಿಗಳನ್ನು ಹೇಗೆ ಸಾಕುತ್ತವೆ ಎಂದು ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಈಗಲೂ ಗೋಡೆಯ ಮೇಲೆ ಹಲ್ಲಿ ಕಂಡರೆ ನಾನು ಪಾಠ ನಿಲ್ಲಿಸಿ ಕಿಟಕಿಯ ಕಡೆ ಸರಿದು ನಿಲ್ಲುವವಳೇ.

ಪುಸ್ತಕವನ್ನು ಕಪಾಟಿನ ಕೆಳಗಿನ ಅರೆಯಲ್ಲಿ ಇಟ್ಟೆ. ಮಕ್ಕಳಿಗೆ ಅದು ಸಿಗಲು ಬಹಳ ಹೊತ್ತು ಬೇಕಾಗಲಿಲ್ಲ. ನೀತಿಕಥೆಗಳ ಪುಸ್ತಕಗಳು ಬಂದ ಹಾಗೆಯೇ ಹೊಳೆಯುತ್ತ ಉಳಿದವು. ಇದರ ಹಾಳೆಗಳ ಅಂಚು ಮಾತ್ರ ಎಣ್ಣೆಗೈ ತಾಗಿ ತಾಗಿ ಮೆತ್ತಗಾದವು. ಓದಲು ಬೇಸರಪಡುವ ಹುಡುಗರು ಕೂಡ ಬಾವಲಿಯ ಪುಟದ ಮುಂದೆ ತಲೆಗೆ ತಲೆ ಕೂಡಿಸಿ ಅಕ್ಷರ ಜೋಡಿಸುತ್ತಿದ್ದರು.

ಅದನ್ನು ಎಲ್ಲರಿಗಿಂತ ಹೆಚ್ಚು ಸಲ ಮನೆಗೆ ಒಯ್ದವಳು ಐದನೇ ತರಗತಿಯ ಒಬ್ಬ ಹುಡುಗಿ. ಕುರಿ ಸಾಕುವ ಮನೆತನ. ಅಪ್ಪ ವರ್ಷದ ಬಹುಪಾಲು ಹಿಂಡಿನ ಜೊತೆ ಊರೂರು ತಿರುಗುತ್ತಾನೆ. ಮನೆಯಲ್ಲಿ ಅವ್ವ, ತೆವಳುವ ತಮ್ಮ, ಮತ್ತು ಅಪ್ಪನ ತಾಯಿ. ಆ ಅಜ್ಜಿಯನ್ನು ಹುಡುಗಿ ಆಯಿ ಎಂದು ಕರೆಯುತ್ತಿದ್ದಳು. ಹುಡುಗಿ ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದುವವಳು. ಓದಿದ್ದನ್ನು ಮಾತ್ರ ಮರೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಬಿಸಿಯೂಟ ಮುಗಿದ ಹೊತ್ತಿನಲ್ಲಿ, ಆ ಆಯಿ ಶಾಲೆಗೇ ಬಂದಳು. ಹಣೆಯ ಮೇಲೆ ಭಂಡಾರದ ಅರಿಶಿನ, ಬಿರುಸಾದ ನಡಿಗೆ. ಮೊಮ್ಮಗಳು ಅವಳ ಹಿಂದೆ ಪುಸ್ತಕವನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು.

“ಅಕ್ಕೋರ, ನಮ್ಮ ಹುಡುಗಿಗೆ ಏನ ಓದಾಕ ಕೊಟ್ಟೀರಿ?”

“ಯಾಕ ಆಯಿ, ಏನಾತು?”

“ಏನಾಗಬೇಕ್ರಿ. ನಿನ್ನಿ ಬೀಗರ ಮನ್ಯಾಗ ಕೂಸಿನ ಕೂದಲ ತೆಗಿಯೂ ಜವಳ ಇತ್ತು. ಎಲ್ಲಾರೂ ಪಂಕ್ತಿಗೆ ಕುಂತಿದ್ದಿವಿ. ಹೋಳಿಗಿ ಮ್ಯಾಲ ಒಂದ ನೊಣ ಕುಂತಿತು. ಈಕಿ ಎದ್ದ ನಿಂತ, ನೊಣಕ್ಕ ಹಲ್ಲಿಲ್ಲ, ಅದು ಮೊದಲ ಮ್ಯಾಲ ಕಾರತೈತಿ, ಕರಗಿಸಿ ಆಮ್ಯಾಲ ಹೀರತೈತಿ ಅಂತ ಎಲ್ಲಾರಿಗೂ ಹೇಳಿದಳು. ನಮ್ಮ ಬೀಗರು ಎಲಿ ಬಿಟ್ಟ ಎದ್ದ ಹೋದರು.”

ನಗು ತಡೆಯಲು ನಾನು ಮೇಜಿನ ಮೇಲಿನ ನೋಟುಪುಸ್ತಕಗಳನ್ನು ಸರಿಪಡಿಸತೊಡಗಿದೆ. “ಅಕಿ ಹೇಳಿದ್ದು ಖರೇನ ಐತಿ, ಆಯಿ” ಎಂದೆ.

“ಖರೆ ಇದ್ರ ಹೋಳಿಗಿ ತಿನ್ನೂ ಮುಂದ ಹೇಳಬೇಕೇನ್ರಿ?”

ಕುರ್ಚಿ ಎಳೆದು ಕೂರಿಸಿದೆ. ಹುಡುಗಿಯ ಕೈಯಿಂದ ಪುಸ್ತಕ ತೆಗೆದುಕೊಂಡು, ನೀವೇ ಒಮ್ಮೆ ನೋಡಿರಿ ಎಂದು ಮುಂದಿಟ್ಟೆ.

“ನನಗೆಲ್ಲಿ ಅಕ್ಷರ ಬರತಾವ್ರಿ?”

“ಚಿತ್ರ ಅದಾವಲ್ಲ.”

ಅವಳು ನಾಲಿಗೆಗೆ ಬೆರಳು ತಾಗಿಸಿ ಹಾಳೆ ತಿರುವತೊಡಗಿದಳು. ತಲೆಕೆಳಗಾಗಿ ಜೋತುಬಿದ್ದ ಬಾವಲಿಯ ಮುಖ ನೋಡಿ, ನಮ್ಮ ಮೈದುನನ ಹಂಗ ಐತಿ ಎಂದು ಮೊಮ್ಮಗಳಿಗೆ ತೋರಿಸಿದಳು. ಹುಡುಗಿ ನಕ್ಕಳು. ಕುರಿಯ ಮೈಗೆ ಅಂಟುವ ಉಣ್ಣಿಯ ಪುಟ ಬಂದಾಗ, ಇದನ್ನೂ ಪುಸ್ತಕದಾಗ ಹಾಕ್ಯಾರ ನೋಡು ಎಂದಳು. ಆಮೇಲೆ ಇನ್ನೊಂದು ಹಾಳೆ ತಿರುವಿದವಳ ಕೈ ಹಿಂದಕ್ಕೆ ಸರಿಯಿತು.

ಚೇಳಿನ ಪುಟ. ಕರಿ ಚೇಳೊಂದು ಬಾಲ ಮಣಿಸಿ ನಿಂತಿದೆ. ಅದರ ಬೆನ್ನ ಮೇಲೆ ಬಿಳಿ ಮರಿಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿವೆ. ಹುಡುಗಿ ಯಾರೂ ಕೇಳದೆಯೇ ಓದತೊಡಗಿದಳು: ಚೇಳು ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ. ಹುಟ್ಟಿದ ಮರಿಗಳು ತಾಯಿಯ ಬೆನ್ನು ಹತ್ತಿ, ಮೊದಲ ಪೊರೆ ಕಳಚುವವರೆಗೆ ಅಲ್ಲಿಯೇ ಇರುತ್ತವೆ.

ಹುಡುಗಿ ನಿಲ್ಲಿಸಿದ ಮೇಲೂ ಆಯಿ ಚಿತ್ರದಿಂದ ಕಣ್ಣು ತೆಗೆಯಲಿಲ್ಲ.

“ನನಗೊಬ್ಬ ತಮ್ಮ ಇದ್ದ” ಎಂದಳು. “ಈಕಿ ತಮ್ಮನಷ್ಟಽ ಇದ್ದ. ನಮ್ಮ ಕುರಿ ಸಾವಳಗಿ ಕಡೆ ಹೊಲದಾಗ ತರಬಿ ಬಿಡಾರ ಹಾಕಿದ್ದಿವಿ. ಅವ್ವ ರೊಟ್ಟಿ ಬಡಿಯಾಕ ಹೋಗಿದ್ದಳು, ತಮ್ಮ ನನ್ನ ಬಗಲಾಗ ಇದ್ದ. ಅಳಾಕ ಹತ್ತಿದ ಅಂತ ಕಂಬಳಿ ಹಾಸಿ ಮಲಗಿಸಿದೆ. ಕಂಬಳಿ ಮಡಕಿನ್ಯಾಗ ಕೆಂಪು ಚೋಳು ಇತ್ತು.”

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ಮೈಯೆಲ್ಲಾ ಬೆವತ, ಕೈಕಾಲು ಥಣ್ಣಗಾದವು. ಅಪ್ಪ ಹೆಗಲ ಮ್ಯಾಲ ಹೊತಗೊಂಡ ಜಮಖಂಡಿ ಕಡೆ ಓಡಿದ. ಕೂಸು ದವಾಖಾನಿ ಮುಟ್ಟಲಿಲ್ಲ.”

ಹುಡುಗಿಗೆ ಈ ಸಂಗತಿ ಗೊತ್ತಿರಲಿಲ್ಲ ಎಂದು ಅವಳ ಮುಖದಿಂದಲೇ ತಿಳಿಯಿತು. ಅವಳು ಮೆಲ್ಲನೆ ಆಯಿಯ ಕುರ್ಚಿಯ ಪಕ್ಕಕ್ಕೆ ಸರಿದು ನಿಂತಳು. ಆಯಿ ಮತ್ತೆ ಚಿತ್ರ ನೋಡಿದಳು.

“ಇದಕ್ಕೂ ಮಕ್ಕಳ ಇರತಾವ ಅಂತ ನನಗ ಯಾರೂ ಹೇಳಿದ್ದಿಲ್ಲ ನೋಡ್ರಿ” ಎಂದಳು. ಆ ಮಾತಿನಲ್ಲಿ ಕನಿಕರವಿತ್ತೋ ಸಿಟ್ಟಿತ್ತೋ ನನಗೆ ಆಗ ತಿಳಿಯಲಿಲ್ಲ. ಎರಡೂ ಇದ್ದವೆಂದು ಈಗ ಅನ್ನಿಸುತ್ತದೆ.

ಪುಸ್ತಕ ಇಲ್ಲಿಯೇ ಇರಲಿ, ಬೇರೆ ಯಾವುದಾದರೂ ಕೊಡುತ್ತೇನೆ ಎಂದೆ. ಆಯಿ ಎದ್ದು ನಿಂತು ತಲೆ ಅಲ್ಲಾಡಿಸಿದಳು.

“ಬ್ಯಾಡ. ಓದಲಿ. ಊಟದ ಮುಂದ ಅಷ್ಟ ಬಾಯಿ ಮುಚಗೊಂಡ ಕುಂಡರಲಿ.”

ಅಂದಿನಿಂದ ಸಂಜೆ ಆಯಿ ಉಣ್ಣೆ ನೂಲುವಾಗ ಮೊಮ್ಮಗಳು ಪಕ್ಕದಲ್ಲಿ ಕೂತು ಓದುವುದು ರೂಢಿಯಾಯಿತಂತೆ. ಚೇಳಿನ ಪುಟ ಬಂದರೆ ಮಾತ್ರ, ಅದನ್ನ ದಾಟಿಸು ಎನ್ನುತ್ತಿದ್ದಳಂತೆ. ಕೆಲವು ದಿನಗಳ ಮೇಲೆ ಬಸ್‌ನಿಲ್ದಾಣದ ಹತ್ತಿರ ಸಿಕ್ಕಾಗ ಅವಳೇ ನನ್ನನ್ನು ತಡೆದು ನಿಲ್ಲಿಸಿದಳು.

“ರಣಹದ್ದು ಯಾಕ ಕಾಣವಲ್ಲವು ಅಂತ ಆ ಪುಸ್ತಕದಾಗ ಬರದಾರಂತ. ಖರೆ ಏನ್ರಿ?”

ದನಗಳ ನೋವಿಗೆ ಕೊಡುತ್ತಿದ್ದ ಒಂದು ಔಷಧಿ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ಹದ್ದುಗಳು ಸತ್ತವೆಂದು ಹೇಳಿದೆ. ಅವಳು ರಸ್ತೆಯ ಆಚೆ ಬಯಲಿನ ಕಡೆ ನೋಡಿದಳು.

“ದನಕ್ಕ ಛಲೋ ಆಗಲಿ ಅಂತ ಕೊಟ್ಟದ್ದು” ಎಂದಳು. “ಸಣ್ಣಾಕಿ ಇದ್ದಾಗ ಅವು ಇಳದ್ರ ನಾ ಅವ್ವನ ಸೆರಗಿನ್ಯಾಗ ಮಾರಿ ಮುಚ್ಚಿಕೊಳ್ತಿದ್ದೆ. ಈಗ ಈಕಿ ತೋರಸು ಅಂತಾಳ. ಎಲ್ಲಿಂದ ತರಲಿ?”

ನಾನು ಬೀಳಗಿಯ ಬಸ್ಸು ಹತ್ತಿ ಕೂತಮೇಲೂ ಆ ಮಾತು ಮನಸ್ಸಿನಲ್ಲಿ ಉಳಿಯಿತು. ಅಂಜಿಸುವ ವಸ್ತು ಇಲ್ಲದಾದರೆ ನಿರಾಳವಾಗಬೇಕು ಎಂದುಕೊಂಡಿರುತ್ತೇವೆ. ಆ ಮುದುಕಿಯ ದನಿಯಲ್ಲಿ ನಿರಾಳ ಇರಲಿಲ್ಲ.

ಮಳೆಗಾಲ ಕಳೆಯುತ್ತಿದ್ದಾಗ ಒಂದು ಬೆಳಿಗ್ಗೆ, ಪ್ರಾರ್ಥನೆಗೆ ಮುಂಚೆ, ಹುಡುಗಿ ಓಡುತ್ತ ಬಂದಳು.

“ಅಕ್ಕೋರ, ನಮ್ಮ ಮನ್ಯಾಗ ಚೋಳು ಸಿಕ್ಕಿತ್ರಿ. ಬೆನ್ನ ಮ್ಯಾಲ ಮರಿ ಇದ್ದುವ್ರಿ.”

“ಎಲ್ಲಿ?”

“ಗ್ವಾಡಿಗೆ ಹಚ್ಚಿ ಸಗಣಿ ಕುಳ್ಳು ಒಟ್ಟಿದ್ದಿವಲ್ರಿ, ಅದರಾಗ. ಆಯಿ ಬಡಿಗಿಲೆ ಸರಿಸಿ ನನ್ನ ಕರದಳ್ರಿ. ನಿನ್ನ ಪುಸ್ತಕದಾಗಿಂದು ಬಂದೈತಿ ಬಾ ಅಂದಳ್ರಿ. ಇಬ್ಬರೂ ದೂರ ಕುಂತ ನೋಡಿದಿವ್ರಿ. ಒಂದ ಮರಿ ಜಾರಿ ಬಿತ್ತರಿ. ಮತ್ತ ತಾಯಿ ಕಾಲ ಹಿಡದ ಏರಿತ್ರಿ.”

“ಆಮ್ಯಾಲ?”

“ಆಮ್ಯಾಲ ಆಯಿ ಹೊಡದಳ್ರಿ.”

ಹುಡುಗಿ ತನ್ನ ಪಾದ ನೋಡುತ್ತಿದ್ದಳು. ತಮ್ಮ ಅಲ್ಲಿಯೇ ತೆವಳುತ್ತಾನೆ ಎಂದಳು. ಹೊಡೆದ ಮೇಲೆ ಆಯಿ ಬಹಳ ಹೊತ್ತು ಕಟ್ಟೆಯ ಮೇಲೆ ಕೂತಿದ್ದಳು, ಕರೆದರೂ ಒಳಗೆ ಬರಲಿಲ್ಲ ಎಂದಳು. ಆಮೇಲೆ ಕೇಳಿದಳು: “ಆಯಿ ಮಾಡಿದ್ದು ತಪ್ಪೇನ್ರಿ?”

ತಪ್ಪಲ್ಲ ಎಂದು ಹೇಳಲು ಬಾಯಿ ತೆರೆದೆ. ಚೇಳು ಹುಳಗಳನ್ನು ತಿನ್ನುತ್ತದೆ, ರೈತರಿಗೆ ಉಪಕಾರಿ ಎಂದು ಕಳೆದ ವಾರವಷ್ಟೇ ಅದೇ ತರಗತಿಯಲ್ಲಿ ನಾನೇ ಹೇಳಿದ್ದೆ. ಕಂಬಳಿಯ ಮೇಲೆ ಮಲಗಿಸಿದ ಕೂಸು ನೆನಪಾಯಿತು. “ನಿನಗೇನ ಅನಸತೈತಿ?” ಎಂದೆ.

“ಚೋಳೂ ಪಾಪ ಅನಸತೈತ್ರಿ. ಆಯಿನೂ ಪಾಪ ಅನಸತೈತ್ರಿ.”

ಗಂಟೆ ಹೊಡೆಯಿತು. ಅವಳ ಹೆಗಲ ಮೇಲೆ ಕೈ ಇಟ್ಟು ಸಾಲಿಗೆ ಕರೆದುಕೊಂಡು ಹೋದೆ.

ಅದಾದ ಮೇಲೆ ದಾಖಲಾತಿಯ ಕೆಲಸಕ್ಕೆ ಊರೊಳಗೆ ಮನೆ ಮನೆ ತಿರುಗುವಾಗ ಅವರ ಮನೆಗೂ ಹೋದೆ. ಗೋಡೆಗೆ ಒರಗಿಸಿ ಒಟ್ಟುತ್ತಿದ್ದ ಕುಳ್ಳಿನ ರಾಶಿ ಅಲ್ಲಿ ಇರಲಿಲ್ಲ. ಕಟ್ಟಿಗೆಯೂ ಇರಲಿಲ್ಲ. ಗೋಡೆಯ ಬುಡವನ್ನು ಸಗಣಿಯಿಂದ ಸಾರಿಸಿ ಬಿರುಕುಗಳನ್ನು ಮುಚ್ಚಿದ್ದರು. ಹುಡುಗಿಯ ತಮ್ಮ ಆ ಅಂಗಳದಲ್ಲಿ ಬರಿಗಾಲಲ್ಲಿ ಎದ್ದು ನಿಲ್ಲಲು ಕಲಿಯುತ್ತಿದ್ದ.

“ಎಲ್ಲಾ ಬೇಲಿ ಕಡೆ ಒಯ್ದೇವಿ” ಎಂದಳು ಆಯಿ, ಹಿತ್ತಲಿನ ಆಚೆ ತುದಿ ತೋರಿಸುತ್ತ. “ಕುಳ್ಳಿನ್ಯಾಗ, ಕಟ್ಟಿಗ್ಯಾಗ ಇರೂದು ಚೋಳಿನ ಗುಣ ಅಂತ ಈಕಿ ಓದಿ ಹೇಳಿದಳು. ಅದು ಅಲ್ಲೇ ಇರಲಿ. ಮನಿಗೆ ಬಂದ್ರ ನಾ ಹೊಡ್ಯಾಕಿನ.”

ಒಳಗಿನಿಂದ ಸೊಸೆ ಚಹಾ ತಂದಳು. “ನಮ್ಮ ಅತ್ತಿಯವರಿಗೇನ್ರಿ, ಹೇಳಿ ಕುಂತ್ರು” ಎಂದಳು ನನ್ನ ಕಡೆ ತಿರುಗಿ. “ದಿನಾ ಬುಟ್ಟಿ ಹೊತಗೊಂಡ ಬೇಲಿತನಕ ನಡಿಯಾಕಿ ನಾನು.”

ಆಯಿ ಕೇಳಿಸದವಳ ಹಾಗೆ ನನ್ನ ಬಟ್ಟಲಿಗೆ ಇನ್ನಷ್ಟು ಚಹಾ ಸುರಿದಳು.