ಗೂಡಿನ ಪಕ್ಕದ ಅವಲಕ್ಕಿ

ಅಮೆರಿಕದಲ್ಲಿ ನಾವಿರುವ ಬಡಾವಣೆ ಎಜುಕೇಶನ್ ಹಿಲ್‌ನಲ್ಲಿ ನಮ್ಮ ಪಕ್ಕದ ಮನೆಯ ರುಕ್ಮಿಣಿ ಮೈಸೂರಿನವಳು, ಹತ್ತಿರದ ಈಸ್ಟ್‌ಗೇಟ್‌ನ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಉಳಿದವರೆಲ್ಲ ರಜೆ ಕೂಡಿಟ್ಟು ಬೆಂಗಳೂರಿಗೆ ಹಾರಿದರೆ, ಇವಳು ಪ್ರತಿ ಜೂನ್‌ನಲ್ಲಿ ಅಲಾಸ್ಕದ ಉತ್ತರ ತುದಿಗೆ ಹೋಗುತ್ತಿದ್ದಳು. ಅಲ್ಲಿ ಮರವೆಂಬುದೇ ಇಲ್ಲ. ಬರೀ ಪಾಚಿ, ಜವುಗು, ಗಾಳಿ. ಸಂಶೋಧಕರ ಶಿಬಿರವೊಂದರಲ್ಲಿ ಸ್ವಯಂಸೇವಕಿಯಾಗಿ, ಲೆಮ್ಮಿಂಗ್ ಎಂಬ ದುಂಡನೆಯ ಇಲಿಗಳ ಬಿಲಗಳನ್ನೂ ನೆಲದ ಮೇಲೆಯೇ ಗೂಡು ಮಾಡುವ ಗೊರವ ಹಕ್ಕಿಗಳನ್ನೂ ಗಮನಿಸುವುದು ಅವಳ ಕೆಲಸ. "ಇಲಿ ನೋಡೋಕೆ ಅಷ್ಟು ದೂರ ಯಾಕೆ, ನಮ್ಮ ಗರಾಜಿಗೇ ಬಾ," ಎಂದು ನಾನು ರೇಗಿಸುತ್ತಿದ್ದೆ. ನಗುತ್ತಿದ್ದಳು. ವರ್ಷವಿಡೀ ಅವಳು ಬದುಕುತ್ತಿದ್ದುದೇ ಆ ಮೂರು ವಾರಕ್ಕಾಗಿ.

2013ರಲ್ಲಿ ಅವಳ ಆಫೀಸಿನ ಚರಣ್ "ಅಕ್ಕಾ, ನಾನೂ ಬರ್ತೀನಿ" ಎಂದು ಬೆನ್ನು ಬಿದ್ದ. ಮೂವತ್ತು ದಾಟಿದ ಗಂಡಸು, ಕೊರಳಿಗೆ ದೊಡ್ಡ ಕ್ಯಾಮೆರಾ. ಶಿಬಿರದ ಮುಖ್ಯಸ್ಥೆಯನ್ನು ಒಪ್ಪಿಸಿ, ಇವಳೇ ಜಾಮೀನು ನಿಂತು ಕರೆದೊಯ್ದಳು. ಆ ವರ್ಷ ಲೆಮ್ಮಿಂಗ್ ತೀರಾ ಕಡಿಮೆ. ಇಲಿ ಸಿಗದ ನರಿ ಹಕ್ಕಿಯ ಮೊಟ್ಟೆಗೆ ಬೀಳುತ್ತದೆ. ಅದಕ್ಕೇ ಗೂಡಿನ ಹತ್ತಿರ ವಾಸನೆ ಬರುವಂಥದ್ದೇನನ್ನೂ ಬಿಡಬಾರದೆಂದು ಅವನಿಗೆ ಹೇಳಿಯೇ ಹೇಳಿದಳು. ಹೇಳುತ್ತಲೇ, ಹಸಿದಾಗ ತಿನ್ನಲಿ ಎಂದು ತನ್ನ ಡಬ್ಬಿಯ ಖಾರದ ಅವಲಕ್ಕಿಯನ್ನು ಪೊಟ್ಟಣ ಕಟ್ಟಿ ಅವನ ಜೇಬಿಗೂ ತುರುಕಿದಳು.

ಪುಣ್ಯಾತ್ಮ ಅದನ್ನು ಗೂಡಿನಲ್ಲಿ ಕಾವು ಕೂತಿದ್ದ ಗೊರವದ ಮುಂದೆ ಚೆಲ್ಲಿದ. ಪಾರಿವಾಳಕ್ಕೆ ಪುರಿ ಎರಚಿ ಅಭ್ಯಾಸವಲ್ಲವೇ, ಹಕ್ಕಿ ಎದ್ದು ಹತ್ತಿರ ಬಂದರೆ ಒಳ್ಳೆಯ ಫೋಟೊ ಸಿಗುತ್ತದೆಂದು. ಹುಳ ತಿನ್ನುವ ಹಕ್ಕಿಗೆ ಒಗ್ಗರಣೆ ಯಾತಕ್ಕೆ? ಮರುದಿನ ಗೂಡಿನಲ್ಲಿ ಒಂದು ಮೊಟ್ಟೆಯೂ ಇರಲಿಲ್ಲ. ಪಕ್ಕದಲ್ಲಿ ನರಿಯ ಹೆಜ್ಜೆ, ಜೊತೆಗೆ ಹುರಿದ ಕರಿಬೇವಿನ ಎಲೆ ಬಿದ್ದಿದ್ದವು.

ಮುಖ್ಯಸ್ಥೆ ಆ ಎಲೆ ತಂದು, ಇದು ಯಾರದೆಂದು ಇಬ್ಬರನ್ನೂ ಕೇಳಿದಳು. ಡಬ್ಬಿ ರುಕ್ಮಿಣಿಯದು ಎಂದ ಚರಣ್. ಅಷ್ಟೇ. ಸುಳ್ಳೂ ಅಲ್ಲ ನೋಡಿ. ಉಳಿದದ್ದನ್ನು ಅವನೇ ಹೇಳಲಿ ಎಂದು ಇವಳು ಕಾದಳು. ವಾಪಸು ಬರುವ ವಿಮಾನದಲ್ಲೂ ಕಾದಳಂತೆ. ನಾನಾಗಿದ್ದರೆ ಅಲ್ಲೇ ಗ್ರಹಚಾರ ಬಿಡಿಸುತ್ತಿದ್ದೆ.

ಮುಂದಿನ ವಸಂತದಲ್ಲಿ ಶಿಬಿರದಿಂದ ಇಮೇಲ್ ಬಂತು. ಇನ್ನು ಬರುವುದು ಬೇಡವೆಂದು ಮೃದುವಾಗಿಯೇ ಬರೆದಿದ್ದರು. ಆ ಶನಿವಾರ ಚರಣ್ ಅವಳ ಮನೆಗೆ ಬಂದಾಗ ನಾನೂ ಅಲ್ಲಿದ್ದೆ. ರುಕ್ಮಿಣಿ ಕಾಫಿ ಕೊಟ್ಟು ಎದುರಿಗೆ ಕೂತಳು. ಈಗಲಾದರೂ ಬಾಯಿ ಬಿಡುತ್ತಾನೆ, ಶಿಬಿರಕ್ಕೆ ಬರೆಯುತ್ತೇನೆ ಎನ್ನುತ್ತಾನೆ ಎಂಬ ಆಸೆ ಅವಳಿಗೆ ಇನ್ನೂ ಇತ್ತು.

"ಅಕ್ಕಾ, ಈ ಸಲ ನಿಮ್ ಜಾಗಕ್ಕೆ ನನ್ನ ಕರ್ದಿದಾರೆ. ನಿಮ್ ಹಕ್ಕಿ ನೋಡೋ ಟೆಲಿಸ್ಕೋಪ್ ಮನೇಲಿ ಸುಮ್ನೆ ಇರುತ್ತಲ್ಲ, ಕೊಡ್ತೀರಾ?"

"ಅವಲಕ್ಕಿ ಚೆಲ್ಲಿದ್ದು ನಾನೇನೋ?"

"ಬಿಡಿ ಅಕ್ಕಾ. ನೀವು ಎಷ್ಟೋ ಸಲ ಹೋಗಿ ಬಂದಿದೀರ. ನಾನು ಈಗಿನ್ನೂ ಸ್ಟಾರ್ಟ್ ಮಾಡ್ತಿದೀನಿ."

ಮನೆಗೆ ಬಂದವರಿಗೆ ಎರಡನೇ ಲೋಟಕ್ಕೂ ಬಲವಂತ ಮಾಡುವವಳು ರುಕ್ಮಿಣಿ. ಎದ್ದು, ಅವನು ಅರ್ಧ ಕುಡಿದಿದ್ದ ಕಾಫಿಯನ್ನು ಕೈಯಿಂದ ತೆಗೆದುಕೊಂಡು ಹೋಗಿ ಸಿಂಕಿಗೆ ಸುರಿದಳು. ಬಂದು ಬಾಗಿಲು ತೆರೆದು ಹಿಡಿದಳು.

"ನೀವಿನ್ನು ಹೊರಡಿ," ಎಂದಳು ಅವನಿಗೆ.